ಜರ್ಮನ್ ಕಲಿಯಲೇಬೇಕಿದ್ದ ಕಾಲ

ಪ್ರತಿ ವರ್ಷ ಚಳಿಗಾಲದಲ್ಲಿ ನಮ್ಮ ಹೈಸ್ಕೂಲಿನಲ್ಲಿ ಮುಂದಿನ ವರ್ಷಕ್ಕೆ ಯಾವ ಯಾವ ಕ್ಲಾಸು ಬೇಕು ಎಂದು ಬರೆದುಕೊಡುವ ಫಾರ್ಮ್ ಬರುತ್ತದೆ. ಈ ಸಲ ಗಣಿತ, ವಿಜ್ಞಾನ, ಇಂಗ್ಲಿಷ್ ಎಲ್ಲ ಎರಡೇ ನಿಮಿಷದಲ್ಲಿ ತುಂಬಿದೆ. ‘ವಿದೇಶಿ ಭಾಷೆ’ ಎಂಬ ಸಾಲು ಮಾತ್ರ ಎರಡು ವಾರ ಖಾಲಿ ಉಳಿಯಿತು. ಯೂನಿವರ್ಸಿಟಿಯಲ್ಲಿ ಕೆಮಿಸ್ಟ್ರಿ ಓದಬೇಕು ಎಂಬುದು ನನ್ನ ಆಸೆ. ಅದರ ಜೊತೆಗೆ ಯಾವ ಭಾಷೆ ಇದ್ದರೆ ಉಪಯೋಗ?

ಅಪ್ಪ ಚೈನೀಸ್ ಅಂದರು. ಅಕ್ಕ ಸ್ಪ್ಯಾನಿಷ್ ಸಾಕು, ಸುಲಭ ಅಂದಳು. ತಂಗಿ ಕೊರಿಯನ್ ಅಂದಳು. ಯಾಕೆ ಅಂತ ಅವಳ ರೂಮಿನ ಗೋಡೆಯ ಪೋಸ್ಟರುಗಳನ್ನು ನೋಡಿದರೆ ಗೊತ್ತಾಗುತ್ತದೆ. ಅಮ್ಮ, “ಈಗ ಫೋನೇ ಎಲ್ಲ ಭಾಷೆ ಅನುವಾದ ಮಾಡತ್ತೆ, ಅದೇ ಸಮಯದಲ್ಲಿ ಕೋಡಿಂಗ್ ಕಲಿ” ಅಂದಳು. ಆಗ ಬೆಂಗಳೂರಿನಿಂದ ವಿಡಿಯೋ ಕಾಲ್‌ನಲ್ಲಿದ್ದ ತಾತ ನಕ್ಕು, “ಕೆಮಿಸ್ಟ್ರಿ ಅಂದಮೇಲೆ ಜರ್ಮನ್ ಅಲ್ಲವೇನೋ? ನಮ್ಮ ಕಾಲದಲ್ಲಿ ರಿಸರ್ಚ್‌ಗೆ ಹೋಗೋರು ಮೊದಲು ಜರ್ಮನ್ ಕ್ಲಾಸಿಗೆ ಸೇರ್ತಿದ್ರು” ಅಂದರು.

ನಾವೆಲ್ಲ ನಕ್ಕೆವು. ಕೆಮಿಸ್ಟ್ರಿಗೂ ಜರ್ಮನ್‌ಗೂ ಏನು ಸಂಬಂಧ? ಈಗ ಎಲ್ಲ ಇಂಗ್ಲಿಷಿನಲ್ಲೇ ಇದೆಯಲ್ಲ. ಆದರೆ ತಾತ ಸುಮ್ಮಸುಮ್ಮನೆ ಮಾತಾಡುವವರಲ್ಲ. ಹಾಗಾಗಿ ಹುಡುಕಲು ಶುರುಮಾಡಿದೆ. ಫಾರ್ಮ್ ಎರಡು ವಾರ ಖಾಲಿ ಉಳಿದದ್ದು ಇದರಿಂದಲೇ.

ಹುಡುಕುತ್ತಾ ಹೋದರೆ ಸಿಕ್ಕಿದ್ದು ಜರ್ಮನಿಯ ಗೀಸೆನ್ ಎಂಬ ಸಣ್ಣ ಊರು. 1824ರಲ್ಲಿ ಅಲ್ಲಿನ ವಿಶ್ವವಿದ್ಯಾಲಯಕ್ಕೆ ಯೂಸ್ಟುಸ್ ಲೀಬಿಗ್ ಎಂಬ ಪ್ರಾಧ್ಯಾಪಕರು ಬಂದರು. ಅವರಿಗೆ ಆಗ 21 ವರ್ಷ, ಅಂದರೆ ನನಗಿಂತ ಐದೇ ವರ್ಷ ದೊಡ್ಡವರು! ಆವರೆಗೆ ಹೆಚ್ಚಿನ ಕಡೆ ಮೇಷ್ಟ್ರು ಪ್ರಯೋಗ ಮಾಡುತ್ತಿದ್ದರು, ವಿದ್ಯಾರ್ಥಿಗಳು ಕೂತು ನೋಡುತ್ತಿದ್ದರು. ಲೀಬಿಗ್ ವಿದ್ಯಾರ್ಥಿಗಳ ಕೈಗೇ ಉಪಕರಣ ಕೊಟ್ಟರು. ಈ ಸುದ್ದಿ ಹರಡಿ ಬೇರೆ ಬೇರೆ ದೇಶಗಳಿಂದ ಹುಡುಗರು ಗೀಸೆನ್‌ಗೆ ಬರತೊಡಗಿದರು. ನಾವು ಇವತ್ತು ಲ್ಯಾಬಿನಲ್ಲಿ ಕನ್ನಡಕ ಹಾಕಿಕೊಂಡು ನಮ್ಮ ಕೈಯಿಂದಲೇ ಪ್ರಯೋಗ ಮಾಡುವ ಪದ್ಧತಿ ಬೆಳೆದದ್ದು ಅಂಥ ಜಾಗಗಳಿಂದ. ಲೀಬಿಗ್ ಅವರ ಗೆಳೆಯ ಫ್ರೀಡ್ರಿಶ್ ವೂಲರ್ 1828ರಲ್ಲಿ ಯೂರಿಯಾವನ್ನು ಪ್ರಯೋಗಶಾಲೆಯಲ್ಲೇ ತಯಾರಿಸಿದರು. ಪ್ರಾಣಿಯ ದೇಹದಲ್ಲಿ ಸಿಗುವ ವಸ್ತುವನ್ನು ಪಾತ್ರೆಯಲ್ಲಿ ಮಾಡಬಹುದು ಎಂಬುದು ಆಗಿನವರಿಗೆ ದೊಡ್ಡ ಆಶ್ಚರ್ಯ.

ಮುಂದಿನ ಎಪ್ಪತ್ತು ಎಂಬತ್ತು ವರ್ಷ ಕೆಮಿಸ್ಟ್ರಿಯ ಮುಖ್ಯ ಊರುಗಳು ಬಹಳಷ್ಟು ಜರ್ಮನಿಯಲ್ಲೇ ಇದ್ದವು. ಇದರ ಬಿಸಿ ಭಾರತಕ್ಕೂ ತಟ್ಟಿತು. 1897ರಲ್ಲಿ ಬಿಎಎಸ್‌ಎಫ್ ಎಂಬ ಜರ್ಮನ್ ಕಂಪನಿ ಕಾರ್ಖಾನೆಯಲ್ಲಿ ಮಾಡಿದ ನೀಲಿ ಬಣ್ಣವನ್ನು ಮಾರುಕಟ್ಟೆಗೆ ತಂದಿತು; ಅದಾದ ಮೇಲೆ ಬಿಹಾರ, ಬಂಗಾಳದ ನೀಲಿ ಬೆಳೆಗೆ ಬೇಡಿಕೆ ಕುಸಿದುಹೋಯಿತು.

ಅಮೆರಿಕದಿಂದಲೂ ವಿದ್ಯಾರ್ಥಿಗಳು ಹಡಗು ಹತ್ತಿ ಹೋಗುತ್ತಿದ್ದರು. ಐರಾ ರೆಮ್ಸೆನ್ ಎಂಬ ನ್ಯೂಯಾರ್ಕಿನ ಯುವಕ 1870ರಲ್ಲಿ ಗೋಟಿಂಗೆನ್‌ನಲ್ಲಿ ಡಾಕ್ಟರೇಟ್ ಪಡೆದು ವಾಪಸ್ ಬಂದರು. 1876ರಲ್ಲಿ ಬಾಲ್ಟಿಮೋರಿನಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಜರ್ಮನ್ ಮಾದರಿಯಲ್ಲಿ ಆರಂಭವಾದಾಗ ಅದರ ಮೊದಲ ಕೆಮಿಸ್ಟ್ರಿ ಪ್ರಾಧ್ಯಾಪಕರಾದರು. (ಸಕ್ಕರೆ ಬದಲು ಹಾಕುವ ಸ್ಯಾಕರಿನ್ ಸಿಕ್ಕಿದ್ದು ಅವರ ಲ್ಯಾಬಿನಲ್ಲೇ, 1879ರಲ್ಲಿ.) ಅವರಂಥವರು ಕಟ್ಟಿದ ವಿಭಾಗಗಳಲ್ಲಿ ಪಿಎಚ್‌ಡಿ ಬೇಕಾದರೆ ಜರ್ಮನ್ ಓದಲು ಬರಬೇಕಿತ್ತು, ಅನೇಕ ಕಡೆ ಫ್ರೆಂಚ್ ಕೂಡ. ಅದು ಅಲಂಕಾರಕ್ಕಲ್ಲ. ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಯಾವ ವಸ್ತುವನ್ನು ಯಾರು ಹೇಗೆ ತಯಾರಿಸಿದ್ದಾರೆ ಎಂದು ನೋಡಲು ಬೈಲ್‌ಸ್ಟೈನ್ ಎಂಬ ದೊಡ್ಡ ಕೈಪಿಡಿ ತೆಗೆಯಬೇಕು, ಅದು ಜರ್ಮನ್‌ನಲ್ಲಿತ್ತು. 1880ರ ದಶಕದ ಆರಂಭದಲ್ಲಿ ಎರಡು ಸಂಪುಟವಾಗಿ ಶುರುವಾದ ಅದು ಆಮೇಲೆ ಕಪಾಟುಗಟ್ಟಲೆ ಬೆಳೆಯಿತು. ಅದು ಇಂಗ್ಲಿಷಿಗೆ ತಿರುಗಿದ್ದು 1980ರ ದಶಕದಲ್ಲಿ! ತಾತ ಹೇಳಿದ್ದು ಯಾಕೆ ಅಂತ ಇಲ್ಲಿ ನನಗೆ ಅರ್ಥವಾಯಿತು. ಅವರು ಕಾಲೇಜಿನಲ್ಲಿದ್ದಾಗ ಆ ಪುಸ್ತಕ ಇನ್ನೂ ಜರ್ಮನ್‌ನಲ್ಲೇ ಇತ್ತು.

1915ರ ಸುಮಾರಿಗೆ ಅಮೆರಿಕದ ಹೈಸ್ಕೂಲುಗಳಲ್ಲಿ ಹೆಚ್ಚುಕಡಿಮೆ ನಾಲ್ಕು ಜನರಲ್ಲಿ ಒಬ್ಬರು ಜರ್ಮನ್ ಕಲಿಯುತ್ತಿದ್ದರು. ಆ ವರ್ಷ ನನ್ನಂಥ ಹುಡುಗನೊಬ್ಬ ಇದೇ ತರಹ ಫಾರ್ಮ್ ಮುಂದಿಟ್ಟುಕೊಂಡು ಕೂತಿದ್ದರೆ ಅವನ ಮನೆಯಲ್ಲಿ ಚರ್ಚೆಯೇ ಆಗುತ್ತಿರಲಿಲ್ಲ. ವಿಜ್ಞಾನವಾ? ಜರ್ಮನ್ ತಗೋ. ಅದಕ್ಕಿಂತ ಭದ್ರವಾದ ಆಯ್ಕೆ ಬೇರೆ ಇರಲಿಲ್ಲ.

1917ರ ಏಪ್ರಿಲ್‌ನಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿಯಿತು. ಜರ್ಮನಿ ಶತ್ರು ದೇಶವಾಯಿತು, ಅದರ ಭಾಷೆ ಕೂಡ ಶತ್ರುವಾಯಿತು. ಊರೂರಲ್ಲಿ ಶಾಲೆಗಳು ಜರ್ಮನ್ ಕ್ಲಾಸುಗಳನ್ನು ನಿಲ್ಲಿಸಿದವು. 1918ರ ಮೇ ತಿಂಗಳಲ್ಲಿ ಅಯೋವಾ ರಾಜ್ಯದ ಗವರ್ನರ್ ವಿಲಿಯಂ ಹಾರ್ಡಿಂಗ್ ಒಂದು ಆಜ್ಞೆ ಹೊರಡಿಸಿದರು. ಶಾಲೆಯಲ್ಲಿ, ರೈಲಿನಲ್ಲಿ, ಸಾರ್ವಜನಿಕ ಸ್ಥಳದಲ್ಲಿ, ಟೆಲಿಫೋನಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಮಾತಾಡಬಾರದು. ಜರ್ಮನ್ ಮಾತ್ರ ಅಲ್ಲ, ಯಾವ ಭಾಷೆಯೂ ಕೂಡದು. ಟೆಲಿಫೋನ್ ಎಂಬ ಪದ ಓದಿದಾಗ ನನಗೆ ಭಾನುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಸ್ಪೀಕರ್ ಹಾಕಿಕೊಂಡು ಅಜ್ಜಿಯ ಜೊತೆ ಜೋರಾಗಿ ಮಾತಾಡುವ ಅಮ್ಮ ನೆನಪಾದಳು.

ನೆಬ್ರಾಸ್ಕಾದಲ್ಲಿ 1919ರಲ್ಲಿ ಕಾನೂನೇ ಬಂತು. ಎಂಟನೇ ತರಗತಿ ಪಾಸಾಗುವವರೆಗೆ ಮಕ್ಕಳಿಗೆ ಇಂಗ್ಲಿಷ್ ಬಿಟ್ಟು ಈಗಿನ ಕಾಲದ ಬೇರಾವ ಭಾಷೆಯನ್ನೂ ಶಾಲೆಯಲ್ಲಿ ಕಲಿಸುವಂತಿಲ್ಲ. 1920ರ ಮೇ ತಿಂಗಳ ಒಂದು ದಿನ, ಹ್ಯಾಂಪ್ಟನ್ ಎಂಬ ಹಳ್ಳಿಯ ಚರ್ಚ್ ಶಾಲೆಯಲ್ಲಿ ರಾಬರ್ಟ್ ಮೇಯರ್ ಎಂಬ ಶಿಕ್ಷಕರು ಹತ್ತು ವರ್ಷದ ಹುಡುಗನಿಗೆ ಬೈಬಲ್ಲಿನ ಕತೆಯನ್ನು ಜರ್ಮನ್‌ನಲ್ಲಿ ಓದಿಸುತ್ತಿದ್ದರು. ಅಷ್ಟರಲ್ಲಿ ಸರ್ಕಾರಿ ವಕೀಲರು ಒಳಗೆ ಬಂದರು. ಮೇಯರ್ ಓದಿಸುವುದನ್ನು ನಿಲ್ಲಿಸಲಿಲ್ಲ. ಅವರಿಗೆ 25 ಡಾಲರ್ ದಂಡ ಬಿತ್ತು. ಅವರು ದಂಡ ಕಟ್ಟಿ ಸುಮ್ಮನಾಗದೆ ಕೋರ್ಟಿಗೆ ಹೋದರು. ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ಸೋತರು, ವಾಷಿಂಗ್ಟನ್‌ನ ಸುಪ್ರೀಂ ಕೋರ್ಟಿಗೆ ಹೋದರು. 1923ರ ಜೂನ್ 4ರಂದು ಒಂಬತ್ತು ನ್ಯಾಯಮೂರ್ತಿಗಳಲ್ಲಿ ಏಳು ಜನ ಅವರ ಪರವಾಗಿ ತೀರ್ಪು ಕೊಟ್ಟರು. ಭಾಷೆ ಕಲಿಸುವುದು ಶಿಕ್ಷಕರ ಹಕ್ಕು, ಮಕ್ಕಳಿಗೆ ಅದನ್ನು ಕಲಿಸಿಕೊಳ್ಳುವುದು ತಂದೆತಾಯಿಯ ಹಕ್ಕು ಎಂದು ಕೋರ್ಟ್ ಹೇಳಿತು. ಪ್ರತಿ ವಾರ ನಾವು ಚಿಕ್ಕವರಿಗೆ ಕಾಗುಣಿತ ಬರೆಸುವ ಕ್ಲಾಸಿನ ಹಿಂದೆ ನೆಬ್ರಾಸ್ಕಾದ ಆ ಮೇಷ್ಟ್ರೂ ಇದ್ದಾರೆ ಎಂದು ನನಗೆ ಗೊತ್ತೇ ಇರಲಿಲ್ಲ.

ಮೇಯರ್ ಗೆದ್ದರು, ಆದರೆ ಜರ್ಮನ್ ಆಗಲೇ ಸೋತಿತ್ತು. 1922ರ ಹೊತ್ತಿಗೆ ಹೈಸ್ಕೂಲಿನಲ್ಲಿ ಅದನ್ನು ಕಲಿಯುವವರು ನೂರಕ್ಕೆ ಒಬ್ಬರೂ ಉಳಿದಿರಲಿಲ್ಲ. ಏಳು ವರ್ಷದಲ್ಲಿ ನಾಲ್ಕರಲ್ಲಿ ಒಬ್ಬರಿಂದ ನೂರರಲ್ಲಿ ಒಬ್ಬರಿಗಿಂತ ಕಡಿಮೆ. ಯುದ್ಧ ಮುಗಿದ ಮೇಲೆ ಗೆದ್ದ ದೇಶಗಳ ವಿಜ್ಞಾನಿಗಳು ಜರ್ಮನ್ ವಿಜ್ಞಾನಿಗಳನ್ನು ಅನೇಕ ಅಂತರರಾಷ್ಟ್ರೀಯ ಸಭೆಗಳಿಂದಲೂ ವರ್ಷಗಟ್ಟಲೆ ದೂರ ಇಟ್ಟರು.

ಸರಿಯಾಗಿ ಇದೇ ವರ್ಷಗಳಲ್ಲಿ, ಅಮೆರಿಕ ಜರ್ಮನ್ ಅನ್ನು ಶಾಲೆಯಿಂದ ಹೊರಗೆ ಹಾಕುತ್ತಿದ್ದಾಗ, ಬ್ರಿಟಿಷರ ಆಳ್ವಿಕೆಯ ಕಲ್ಕತ್ತಾದಲ್ಲಿ ಇಬ್ಬರು ಯುವಕರು ಅದೇ ಭಾಷೆಯ ಪುಸ್ತಕಗಳನ್ನು ಹುಡುಕಿಕೊಂಡು ಓಡಾಡುತ್ತಿದ್ದರು. ಒಬ್ಬರು ಮೇಘನಾದ ಸಾಹಾ, ಇನ್ನೊಬ್ಬರು ಸತ್ಯೇಂದ್ರನಾಥ ಬೋಸ್. ಇಬ್ಬರೂ ಕಾಲೇಜಿನಲ್ಲಿ ಸಹಪಾಠಿಗಳು, 1916ರ ಸುಮಾರಿಗೆ ಕಲ್ಕತ್ತಾ ವಿಶ್ವವಿದ್ಯಾಲಯದ ಹೊಸ ವಿಜ್ಞಾನ ಕಾಲೇಜಿನಲ್ಲಿ ಉಪನ್ಯಾಸಕರು. ಅವರು ಓದಿದ್ದು ಗಣಿತ, ಈಗ ಪಾಠ ಮಾಡಬೇಕಾಗಿದ್ದು ಹೊಸ ಭೌತಶಾಸ್ತ್ರ. ಪ್ಲಾಂಕ್, ಐನ್‌ಸ್ಟೈನ್ ಇವರೆಲ್ಲ ಬರೆದದ್ದು ಜರ್ಮನ್‌ನಲ್ಲಿ, ಇಂಗ್ಲಿಷಿನಲ್ಲಿ ಅವುಗಳಲ್ಲಿ ಹೆಚ್ಚಿನವು ಬಂದಿರಲಿಲ್ಲ. ಯುದ್ಧದಿಂದಾಗಿ ಹೊಸ ಪತ್ರಿಕೆಗಳೂ ಬರುತ್ತಿರಲಿಲ್ಲ. ಶಿಬ್‌ಪುರದ ಇಂಜಿನಿಯರಿಂಗ್ ಕಾಲೇಜಿನಲ್ಲಿದ್ದ ಬ್ರೂಲ್ ಎಂಬ ಪ್ರಾಧ್ಯಾಪಕರ ಹತ್ತಿರ ಜರ್ಮನ್ ಪುಸ್ತಕಗಳ ಒಳ್ಳೆಯ ಸಂಗ್ರಹವಿತ್ತು, ಅಲ್ಲಿಂದ ಕಡ ತಂದು ಓದಿದರು. ಸಾಹಾ ಕಾಲೇಜಿನಲ್ಲೇ ಜರ್ಮನ್ ಅನ್ನು ಹೆಚ್ಚುವರಿ ವಿಷಯವಾಗಿ ತೆಗೆದುಕೊಂಡಿದ್ದರು. ಡಿಗ್ರಿಗೆ ಅದು ಬೇಕೇ ಆಗಿರಲಿಲ್ಲ.

ಆ ಹೆಚ್ಚುವರಿ ವಿಷಯ ಏನು ಮಾಡಿತು ನೋಡಿ. 1919ರಲ್ಲಿ ಎಗರ್ಟ್ ಎಂಬ ವಿಜ್ಞಾನಿ ನಕ್ಷತ್ರಗಳೊಳಗಿನ ಅನಿಲದ ಬಗ್ಗೆ ಜರ್ಮನ್ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಸಾಹಾ ಅದನ್ನು ಓದಿದರು, ಅದರಲ್ಲಿ ಏನು ಬಿಟ್ಟುಹೋಗಿದೆ ಎಂದು ಅವರಿಗೆ ಹೊಳೆಯಿತು. 1920ರಲ್ಲಿ ಅವರು ಪ್ರಕಟಿಸಿದ ಸಮೀಕರಣ ಇವತ್ತಿಗೂ ಸಾಹಾ ಸಮೀಕರಣ ಎಂದೇ ಹೆಸರಾಗಿದೆ. ನಕ್ಷತ್ರದ ಬೆಳಕು ನೋಡಿ ಅದರ ತಾಪಮಾನ ತಿಳಿಯಲು ಅದು ಬೇಕು. ಅದೇ 1920ರಲ್ಲಿ ಸಾಹಾ ಮತ್ತು ಬೋಸ್ ಐನ್‌ಸ್ಟೈನ್ ಮತ್ತು ಮಿಂಕೋವ್‌ಸ್ಕಿ ಅವರ ಸಾಪೇಕ್ಷತಾ ಸಿದ್ಧಾಂತದ ಲೇಖನಗಳನ್ನು ಜರ್ಮನ್‌ನಿಂದ ಇಂಗ್ಲಿಷಿಗೆ ಅನುವಾದಿಸಿ ಕಲ್ಕತ್ತಾ ವಿಶ್ವವಿದ್ಯಾಲಯದಿಂದ ಪುಸ್ತಕ ಮಾಡಿದರು. ಇಬ್ಬರಿಗೂ ಮಾತೃಭಾಷೆ ಬಂಗಾಳಿ. ಜರ್ಮನ್ ಪರಭಾಷೆ, ಇಂಗ್ಲಿಷೂ ಪರಭಾಷೆ!

ಇನ್ನೊಂದು ಕತೆ ನಿಮಗೆ ಗೊತ್ತಿರಬಹುದು. ಬೋಸ್ ಢಾಕಾದಲ್ಲಿದ್ದಾಗ ಬರೆದ ಒಂದು ಲೇಖನವನ್ನು ನೇರವಾಗಿ ಐನ್‌ಸ್ಟೈನ್ ಅವರಿಗೇ ಅಂಚೆಯಲ್ಲಿ ಕಳಿಸಿದರು. ಇದನ್ನು ಅನುವಾದ ಮಾಡುವಷ್ಟು ಜರ್ಮನ್ ನನಗೆ ಬರುವುದಿಲ್ಲ, ನಿಮಗೆ ಸರಿ ಅನ್ನಿಸಿದರೆ ಪ್ರಕಟಣೆಗೆ ವ್ಯವಸ್ಥೆ ಮಾಡಿ ಎಂದು ಪತ್ರದಲ್ಲಿ ಕೇಳಿಕೊಂಡರು. ನಿಮ್ಮ ಲೇಖನ ಅನುವಾದ ಮಾಡಲು ಕಲ್ಕತ್ತಾದಿಂದ ಒಬ್ಬರು ಅನುಮತಿ ಕೇಳಿದ್ದರಲ್ಲ, ಅದು ನಾನೇ ಎಂದೂ ನೆನಪಿಸಿದರು. ಐನ್‌ಸ್ಟೈನ್ ತಾವೇ ಕೂತು ಅದನ್ನು ಜರ್ಮನ್‌ಗೆ ಅನುವಾದಿಸಿ ಪ್ರಕಟಿಸಿದರು. ಇವತ್ತು ಒಂದು ಜಾತಿಯ ಕಣಗಳಿಗೆ ‘ಬೋಸಾನ್’ ಎಂಬ ಹೆಸರು ಬಂದದ್ದು ಅದರಿಂದ. ಪತ್ರದ ತಾರೀಕು 1924ರ ಜೂನ್ 4. ಮೇಯರ್ ಗೆದ್ದ ದಿನದಿಂದ ಸರಿಯಾಗಿ ಒಂದು ವರ್ಷ! ಇದು ಬರೀ ಕಾಕತಾಳೀಯ, ಆದರೂ ನಾನು ಎರಡೆರಡು ಸಲ ತಾರೀಕು ನೋಡಿದೆ.

ಇಲ್ಲಿ ನನಗೆ ಮುಖ್ಯ ಅನಿಸಿದ್ದು ಒಂದು. ಬೋಸ್ ಅವರಿಗೆ ಜರ್ಮನ್ ಪೂರ್ತಿ ಬರುತ್ತಿರಲಿಲ್ಲ. ಓದಲು ಬರುತ್ತಿತ್ತು, ಬರೆಯಲು ಅಳುಕಿತ್ತು. ಅವರಿಬ್ಬರೂ ಭಾಷೆ ಆರಿಸಿದ್ದು ಮುಂದೆ ಯಾವುದಕ್ಕೆ ಬೆಲೆ ಬರುತ್ತದೆ ಎಂದು ಲೆಕ್ಕ ಹಾಕಿ ಅಲ್ಲ. ಲೆಕ್ಕ ಹಾಕಿದ್ದರೆ ಬ್ರಿಟಿಷರ ಊರಿನಲ್ಲಿ, ಯುದ್ಧದ ಮಧ್ಯೆ, ಶತ್ರು ದೇಶದ ಭಾಷೆ ಯಾರು ಕಲಿಯುತ್ತಾರೆ? ಅವರಿಗೆ ಓದಬೇಕಾದ ಪುಟಗಳು ಯಾವುವು ಎಂದು ಗೊತ್ತಿತ್ತು, ಅವು ಜರ್ಮನ್‌ನಲ್ಲಿದ್ದವು.

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಜರ್ಮನಿ ತನ್ನ ವಿಜ್ಞಾನಕ್ಕೆ ತಾನೇ ಕೊಡಲಿ ಹಾಕಿಕೊಂಡಿತು. ಯಹೂದಿ ಪ್ರಾಧ್ಯಾಪಕರನ್ನು ಕೆಲಸದಿಂದ ತೆಗೆದರು. ಗೋಟಿಂಗೆನ್‌ನ ಮ್ಯಾಕ್ಸ್ ಬಾರ್ನ್ ಅವರಲ್ಲಿ ಒಬ್ಬರು. ಅವರು ಸಿ.ವಿ. ರಾಮನ್ ಅವರ ಆಹ್ವಾನದ ಮೇಲೆ 1935–36ರಲ್ಲಿ ಸುಮಾರು ಆರು ತಿಂಗಳು ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿದ್ದರು. ಆಮೇಲೆ ಎಡಿನ್‌ಬರೋಗೆ ಹೋದರು. ಒಂದು ಕಾಲದಲ್ಲಿ ಅವರ ಪಾಠ ಕೇಳಲು ಪ್ರಪಂಚದ ವಿದ್ಯಾರ್ಥಿಗಳು ಜರ್ಮನ್ ಕಲಿತು ಹೋಗುತ್ತಿದ್ದರು. ಈಗ ಅವರೇ ಇಂಗ್ಲಿಷಿನಲ್ಲಿ ಪಾಠ ಮಾಡುತ್ತಾ ಊರೂರು ತಿರುಗುವಂತಾಯಿತು.

ಮುಂದೆ ರಷ್ಯನ್ ಭಾಷೆಯ ಸರದಿ. 1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿತು. ಅಮೆರಿಕಕ್ಕೆ ಗಾಬರಿಯಾಯಿತು. ಮರುವರ್ಷವೇ ಹೊಸ ಶಿಕ್ಷಣ ಕಾನೂನು ಮಾಡಿ ವಿಜ್ಞಾನದ ಜೊತೆ ಭಾಷೆಗಳಿಗೂ ಹಣ ಸುರಿದರು. ಈಗ ಬುದ್ಧಿವಂತ ಹುಡುಗರು ರಷ್ಯನ್ ಕಲಿಯಬೇಕು ಎಂಬ ಮಾತು ಬಂತು. ಆ ದಶಕಗಳಲ್ಲಿ ಭಾರತದ ಭಾಷೆಗಳಿಗೂ ಇಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಜಾಗ ಸಿಕ್ಕಿತು. ಎ.ಕೆ. ರಾಮಾನುಜನ್ ಅವರು 1960ರ ದಶಕದಿಂದ ಶಿಕಾಗೋದಲ್ಲಿ ದ್ರಾವಿಡ ಭಾಷೆಗಳನ್ನು ಕಲಿಸಿದರು. 1966ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಆಡುಮಾತಿನ ಕನ್ನಡ ಕಲಿಸುವ ಪಠ್ಯಪುಸ್ತಕವನ್ನೇ ಪ್ರಕಟಿಸಿತು. ಅಂದರೆ ಅಲ್ಲಿ ಯಾರೋ ಒಬ್ಬ ಅಮೆರಿಕನ್ ವಿದ್ಯಾರ್ಥಿಯ ಫಾರ್ಮಿನಲ್ಲಿ ‘ವಿದೇಶಿ ಭಾಷೆ’ ಎಂಬ ಸಾಲಿನ ಎದುರು ‘ಕನ್ನಡ’ ಎಂದು ಬರೆದಿದ್ದಿರಬೇಕು!

ಈಗ ಅಮ್ಮನ ಪ್ರಶ್ನೆಗೆ ಬರುತ್ತೇನೆ: ಯಂತ್ರವೇ ಅನುವಾದ ಮಾಡುವಾಗ ನಾವು ಯಾಕೆ ಕಲಿಯಬೇಕು? ಇದೂ ಹೊಸ ಪ್ರಶ್ನೆಯಲ್ಲ. 1954ರ ಜನವರಿಯಲ್ಲಿ ಐಬಿಎಂ ಕಂಪನಿ ಮತ್ತು ಜಾರ್ಜ್‌ಟೌನ್ ವಿಶ್ವವಿದ್ಯಾಲಯದವರು ನ್ಯೂಯಾರ್ಕಿನಲ್ಲಿ ಒಂದು ಕಂಪ್ಯೂಟರಿನಿಂದ 60ಕ್ಕೂ ಹೆಚ್ಚು ರಷ್ಯನ್ ವಾಕ್ಯಗಳನ್ನು ಇಂಗ್ಲಿಷಿಗೆ ಅನುವಾದ ಮಾಡಿಸಿ ತೋರಿಸಿದರು. ಅದಕ್ಕೆ ಗೊತ್ತಿದ್ದದ್ದು 250 ಪದ, ಆರು ವ್ಯಾಕರಣ ನಿಯಮ. ಹಲವು ವಾಕ್ಯಗಳು ಕೆಮಿಸ್ಟ್ರಿಯವೇ. ಮೂರರಿಂದ ಐದು ವರ್ಷದಲ್ಲಿ ಕೆಲಸ ಮುಗಿದುಹೋಗುತ್ತದೆ ಎಂದರು. ಹನ್ನೆರಡು ವರ್ಷ ಕಳೆದ ಮೇಲೆ, 1966ರಲ್ಲಿ, ಸರ್ಕಾರದ ಸಮಿತಿಯೊಂದು ಲೆಕ್ಕ ನೋಡಿ ಯಂತ್ರದ ಅನುವಾದ ನಿಧಾನ, ತಪ್ಪು ಜಾಸ್ತಿ, ಖರ್ಚೂ ಜಾಸ್ತಿ ಎಂದು ವರದಿ ಕೊಟ್ಟಿತು. ಆ ವರದಿಯಲ್ಲಿ ನನಗೆ ಇಷ್ಟವಾದ ಮಾತೊಂದಿದೆ. ವಿಜ್ಞಾನಿಯೊಬ್ಬ 200 ಗಂಟೆ ಅಥವಾ ಅದಕ್ಕಿಂತ ಕಡಿಮೆ ಸಮಯದಲ್ಲಿ ತನ್ನ ವಿಷಯದ ರಷ್ಯನ್ ಲೇಖನ ಓದುವಷ್ಟು ಕಲಿಯಬಹುದು ಅಂತ ಅದು ಹೇಳುತ್ತದೆ. ಇನ್ನೂರು ಗಂಟೆ! ದಿನಕ್ಕೆ ಒಂದು ಗಂಟೆಯಂತೆ ಏಳು ತಿಂಗಳೂ ಆಗುವುದಿಲ್ಲ. ನಾನು ವಿಡಿಯೋ ಗೇಮಿಗೆ ಎಷ್ಟು ಗಂಟೆ ಕೊಟ್ಟಿದ್ದೇನೆ ಎಂದು ಇಲ್ಲಿ ಬರೆಯುವುದಿಲ್ಲ, ಅಮ್ಮ ಈ ಪತ್ರಿಕೆ ಓದುತ್ತಾಳೆ.

ಈಗಿನ ಯಂತ್ರಗಳು 1954ರದ್ದಕ್ಕಿಂತ ಎಷ್ಟೋ ಪಾಲು ಚೆನ್ನಾಗಿವೆ, ಅದು ನಿಜ. ಅಮ್ಮನ ಮಾತನ್ನು ತಳ್ಳಿಹಾಕುವ ಹಾಗಿಲ್ಲ.

ರಷ್ಯನ್ ಭಾಷೆಗೂ ಬಹಳ ದಿನ ಆ ಗೌರವ ಉಳಿಯಲಿಲ್ಲ. ಸೋವಿಯತ್ ಭೌತಶಾಸ್ತ್ರದ ಮುಖ್ಯ ಪತ್ರಿಕೆಯನ್ನು 1955ರಿಂದಲೇ ಅಮೆರಿಕದವರು ಪೂರ್ತಿ ಇಂಗ್ಲಿಷಿಗೆ ಅನುವಾದಿಸಿ ಮುದ್ರಿಸುತ್ತಿದ್ದರು. ಸೋವಿಯತ್‌ನವರೂ ತಮ್ಮ ಪುಸ್ತಕಗಳನ್ನು ಇಂಗ್ಲಿಷಿನಲ್ಲಿ ಅಗ್ಗವಾಗಿ ಹೊರದೇಶಕ್ಕೆ ಕಳಿಸುತ್ತಿದ್ದರು. ಐಐಟಿ ಪರೀಕ್ಷೆಗೆ ಓದಿದ ಅಂಕಲ್ ಆಂಟಿಯರಿಗೆ ಇರೋದೋವ್ ಎಂಬ ಹೆಸರು ಕೇಳಿದರೆ ಈಗಲೂ ಬೆವರು ಬರುತ್ತದೆ. ಮೀರ್ ಪ್ರಕಾಶನದ ಆ ಪುಸ್ತಕ ಅವರಿಗೆ ಸಿಕ್ಕಿದ್ದು ಇಂಗ್ಲಿಷಿನಲ್ಲಿ. ಅಪ್ಪನ ಪ್ರತಿ ನಮ್ಮ ಬೇಸ್‌ಮೆಂಟಿನಲ್ಲಿದೆ. 1960, 70ರ ದಶಕಗಳಿಂದ ಅಮೆರಿಕದ ವಿಶ್ವವಿದ್ಯಾಲಯಗಳು ಒಂದೊಂದಾಗಿ ಪಿಎಚ್‌ಡಿಯ ಭಾಷಾ ಪರೀಕ್ಷೆಯನ್ನೂ ಕೈಬಿಟ್ಟವು. 1980ರ ದಶಕದಲ್ಲಿ ಜಪಾನೀಸ್ ಎಂದರು, ನಂತರ ಚೈನೀಸ್ ಎಂದರು. 2016ರಿಂದ 2021ರ ನಡುವೆ ಅಮೆರಿಕದ ಕಾಲೇಜುಗಳಲ್ಲಿ ಭಾಷೆ ಕಲಿಯುವವರು ಸುಮಾರು ಆರನೇ ಒಂದು ಭಾಗ ಕಡಿಮೆಯಾದರು, ಜರ್ಮನ್ ಕಲಿಯುವವರು ಸುಮಾರು ಮೂರನೇ ಒಂದು ಭಾಗ. ಚೆನ್ನಾಗಿ ಏರಿದ್ದು ಕೊರಿಯನ್. ತಂಗಿಗೆ ಇದನ್ನು ಹೇಳಬಾರದಿತ್ತು, ಹೇಳಿಬಿಟ್ಟೆ.

ಇಷ್ಟೆಲ್ಲ ಓದಿದ ಮೇಲೆ ಅಪ್ಪನಿಗೆ ಒಂದು ಮಾತು ಹೇಳಿದೆ: “ಅಪ್ಪಾ, ಮುಂದಿನ ಇಪ್ಪತ್ತು ವರ್ಷಕ್ಕೆ ಯಾವ ಭಾಷೆ ಬೇಕು ಅಂತ 1915ರವರಿಗೂ ಗೊತ್ತಾಗಲಿಲ್ಲ, 1958ರವರಿಗೂ ಗೊತ್ತಾಗಲಿಲ್ಲ. ನಮಗೆ ಹೇಗೆ ಗೊತ್ತಾಗತ್ತೆ?” ಅಪ್ಪ, “ಹಾಗಾದ್ರೆ ನಿನಗೆ ಓದಬೇಕು ಅನ್ನಿಸೋದು ಯಾವ ಭಾಷೇಲಿದೆ ಹೇಳು” ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇತ್ತು.

ವೂಲರ್ 1828ರಲ್ಲಿ ಯೂರಿಯಾ ಬಗ್ಗೆ ಬರೆದ ಲೇಖನ ನಾಲ್ಕೇ ಪುಟ. ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತದೆ. ಪ್ರಿಂಟ್ ತೆಗೆದುಕೊಂಡೆ. ಶೀರ್ಷಿಕೆಯಲ್ಲೇ ‘ಹಾರ್ನ್‌ಷ್ಟೋಫ್’ ಎಂಬ ಪದ ಇದೆ. ಹಾರ್ನ್ ಅಂದರೆ ಮೂತ್ರ, ಷ್ಟೋಫ್ ಅಂದರೆ ವಸ್ತು. ಯೂರಿಯಾಗೆ ಜರ್ಮನ್‌ನಲ್ಲಿ ‘ಮೂತ್ರದ ವಸ್ತು’ ಎಂದೇ ಹೆಸರು! ಹಾಗೆಯೇ ಹೈಡ್ರೋಜನ್‌ಗೆ ‘ವಾಸರ್‌ಷ್ಟೋಫ್’, ಅಂದರೆ ನೀರಿನ ವಸ್ತು. ಆಕ್ಸಿಜನ್‌ಗೆ ‘ಹುಳಿ ವಸ್ತು’ ಎಂಬ ಅರ್ಥದ ಪದ. ನಾವು ಕನ್ನಡ ಶಾಲೆಯ ಪುಸ್ತಕದಲ್ಲಿ ಜಲಜನಕ, ಆಮ್ಲಜನಕ ಎಂದು ಓದುತ್ತೇವಲ್ಲ, ಅದೇ ಯೋಚನೆ. ಇಂಗ್ಲಿಷ್ ಮಾತ್ರ ಗೊತ್ತಿರುವ ನನ್ನ ಗೆಳೆಯನಿಗೆ ಹೈಡ್ರೋಜನ್ ಎನ್ನುವ ಪದದೊಳಗೆ ನೀರು ಇದೆ ಎಂದು ಗೊತ್ತೇ ಇರಲಿಲ್ಲ. ಮತ್ತೆ ಜರ್ಮನ್‌ನಲ್ಲಿ ಉದ್ದ ವಾಕ್ಯಗಳೊಳಗಿನ ಉಪವಾಕ್ಯಗಳಲ್ಲಿ ಕ್ರಿಯಾಪದ ಕೊನೆಗೆ ಬರುತ್ತದಂತೆ. ಅದೇನು ನಮಗೆ ಹೊಸದಲ್ಲ.

ಫಾರ್ಮಿನಲ್ಲಿ ಜರ್ಮನ್ ಎಂದು ಬರೆದು ಕೊಟ್ಟಿದ್ದೇನೆ. ಕ್ಲಾಸು ಶುರುವಾಗುವುದು ಬೇಸಿಗೆ ರಜೆ ಕಳೆದ ಮೇಲೆ. ಅಲ್ಲಿಯವರೆಗೆ ತಾತನಿಗೆ ವೂಲರ್ ಅವರ ಮೊದಲ ಪುಟದ ಫೋಟೋ ಕಳಿಸಿದ್ದೇನೆ. ಅವರು ಜರ್ಮನ್ ಕ್ಲಾಸಿಗೆ ಹೋಗಿದ್ದು ಒಂದೇ ತಿಂಗಳು ಅಂತ ಈಗ ಬಾಯಿಬಿಟ್ಟಿದ್ದಾರೆ. ಶನಿವಾರ ಇಬ್ಬರೂ ಕೂತು ಎರಡನೇ ವಾಕ್ಯ ನೋಡಬೇಕು.